ಕುವೈತದಿಂದ ಬಂದ ಲೈಸೆನ್ಸು

ನನ್ನ ಯಜಮಾನರು ಕುವೈತದಿಂದ ಮೊದಲ ಸಲ ರಜೆಗೆ ಬಂದಾಗ ದಸರೆಗೆ ಇನ್ನೂ ಒಂದು ವಾರವಿತ್ತು. ಆ ದೇಶದಲ್ಲಿ ಆಗ ನಮ್ಮ ರೂಪಾಯಿಯೇ ನಡೆಯುತ್ತಿದ್ದ ಕಾಲ. ಹೋಗುವಾಗ ಗಾಡಿ ತೊಳೆಯುವ ಕೆಲಸಕ್ಕೆಂದು ಹೋದವರು, ಬರುವಾಗ ಡ್ರೈವರ್ ಆಗಿ ಬಂದಿದ್ದರು. ಒಳಗಿಸೆಯಿಂದ ನೀಲಿ ರಟ್ಟಿನ ಸಣ್ಣ ಪುಸ್ತಕ ತೆಗೆದು ಅತ್ತೆಯ ಕೈಯಲ್ಲಿಟ್ಟರು. ಒಳಗೆ ಅವರ ಫೋಟೋ, ಅರಬಿ ಅಕ್ಷರ, ಪಕ್ಕದಲ್ಲಿ ನೇರಳೆ ಬಣ್ಣದ ದುಂಡನೆಯ ಮುದ್ರೆ, ಶಿಕ್ಕಾ. ಕೆಲಸಗಾರರನ್ನು ಬೆಳಿಗ್ಗೆ ಒಯ್ದು ಸಂಜೆ ತರುವ ಗಾಡಿ ಈಗ ಮಗನ ಕೈಯಲ್ಲಿದೆ ಎಂದು ಕೇಳಿ ಅತ್ತೆ ಆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಇಚಲಕರಂಜಿಯ ನಮ್ಮ ಓಣಿಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮಗ್ಗಗಳು ನಿಂತಿರುತ್ತವೆ. ಯಾವುದು ಅನ್ನ ಕೊಡುತ್ತದೋ ಅದನ್ನು ಅಂದು ತೊಳೆದು, ವಿಭೂತಿ ಹಚ್ಚಿ, ಹೂವೇರಿಸುತ್ತೇವೆ. ಮೈದುನ ತನ್ನ ಲಾಳಿ ತಂದಿಟ್ಟ. ನಾನು ಒನಕೆ, ಈಳಿಗೆ ಇಟ್ಟೆ. ಯಜಮಾನರ ಗಾಡಿ ಸಮುದ್ರದಾಚೆ ಇತ್ತು. ಅದಕ್ಕೆ ಬದಲಾಗಿ ಲೈಸೆನ್ಸನ್ನೇ ತೆರೆದಿಟ್ಟೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿಂದ ಅದರ ಮೇಲೆ ಎಳೆದೆ. ಕೈಮುಗಿದು ಕಣ್ಣು ತೆರೆದಾಗ ಶಿಕ್ಕಾ ಇದ್ದ ಜಾಗದಲ್ಲಿ ಶಿಕ್ಕಾ ಇರಲಿಲ್ಲ. ನೇರಳೆ ನೀರು ಫೋಟೋದ ಗದ್ದದವರೆಗೂ ಹರಿದಿತ್ತು.

ಸೆರಗಿನಿಂದ ಒತ್ತಿದೆ. ಇನ್ನಷ್ಟು ಹರಡಿತು. ಹನ್ನೆರಡು ದಿನಕ್ಕೆ ಮುಂಬಯಿಯಿಂದ ಹಡಗು. ಮನೆಯ ಅನ್ನವನ್ನು ನಾನೇ ಪೂಜೆ ಮಾಡಿ ಕೆಡಿಸಿದೆನಲ್ಲ ಎಂದುಕೊಂಡೆ. ಆ ಹೊತ್ತಿಗೆ ದೇವರ ಮನೆಗೆ ಯಾರೂ ಬರಲಿಲ್ಲ, ಅದೊಂದು ಶಿವನ ಉಪಕಾರ. ಮರುದಿನ, ಅಣ್ಣನಿಗೆ ಬನ್ನಿ ಕೊಟ್ಟು ಬರುತ್ತೇನೆ ಎಂದು ಹೇಳಿ, ಪುಸ್ತಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ.

ಅಣ್ಣ ಅಲ್ಲಿ ಬೆಲ್ಲದ ಲಾರಿ ಓಡಿಸುತ್ತಿದ್ದ. ಪುಸ್ತಕವನ್ನು ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಹೋಗಿ ತನ್ನ ಲೈಸೆನ್ಸು ತಂದು, ಬೆರಳಿಗೆ ಉಗುಳು ಹಚ್ಚಿ ಅದರ ಶಿಕ್ಕಾದ ಮೇಲೆ ಗಸಗಸ ತಿಕ್ಕಿದ. ಏನೂ ಆಗಲಿಲ್ಲ.

"ಇದು ಎರಡ ಸಲ ಮಳಿಗಿ ತೊಯ್ದೈತಿ, ತಂಗಿ. ನೋಡು, ಹೆಂಗಿತ್ತ ಹಂಗ ಐತಿ. ನಿನ್ನ ಗಂಡ ಅಲ್ಲಿ ಪರೀಕ್ಷಾ ಕೊಟ್ಟಿದ್ರೇನು?"

"ನನಗೇನ ಗೊತ್ತಣ್ಣ? ಆ ದೇಶದ ಮಸಿ ಬ್ಯಾರೆ ಇರಬೇಕು."

"ಮಸಿ ಮ್ಯಾಲ ಹಾಕಬ್ಯಾಡ. ಹೋಗಿ ಅವರನ್ನ ಕೇಳು. ಗುರುವಾರ ಕೊಲ್ಹಾಪುರ ಪೇಟೆಗೆ ಬೆಲ್ಲ ತರ್ತೇನಿ. ಇಬ್ಬರೂ ಅಲ್ಲಿಗಿ ಬರ್ರಿ."

ಊರಿಗೆ ಮರಳಿದ ಮೇಲೆ, ಬೆಳಿಗ್ಗೆ ರೊಟ್ಟಿ ಬಡಿಯುತ್ತ ಯಜಮಾನರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಹೋದ ಮ್ಯಾಲ ಮತ್ತ ಒತ್ತಿಸಿಕೊಂಡ್ರಾತು," ಎಂದರು.

"ಯಾರ ಕಡೆಯಿಂದ್ರಿ?"

"ಅಲ್ಲೊಬ್ಬ ನಮ್ಮ ದೇಶದವನೇ ಅದಾನ. ಬಿಸ್ಕೀಟಿನ ಡಬ್ಬ್ಯಾಗ ಶಿಕ್ಕಾ ಇಟ್ಕೊಂಡಾನ. ನಮ್ಮ ಖೋಲ್ಯಾಗ ಕೂಡಿ ಇರೂ ಆರೂ ಮಂದಿಗಿ ಅವನೇ ಮಾಡಿಕೊಟ್ಟಾನ."

"ಪರೀಕ್ಷಾ?"

"ಅರಬಿ ಬರದವರಿಗಿ ಎಂಥಾ ಪರೀಕ್ಷಾ? ನನಗ ಗಾಡಿ ಹೊಡಿಯಾಕ ಬರ್ತೈತಿ. ವರ್ಷಾತು, ಒಬ್ಬರಿಗೂ ಏನೂ ಆಗಿಲ್ಲ."

"ಪೊಲೀಸ್ರು ಹಿಡದ್ರ?"

"ಹಿಡದ್ರ ಜೇಲು," ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಗುರುವಾರ ಯಜಮಾನರನ್ನು ಒಪ್ಪಿಸಿ ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆ. ನಾನು ಮೊದಲು ಅಂಬಾಬಾಯಿಯ ಗುಡಿಗೆ ಹೋಗಿ, ಕಾಯಿ ಒಡೆಸಿಕೊಂಡು ಬಂದೆ. ಬೇಡಿದ್ದು ಇಷ್ಟೇ: ಕೆಟ್ಟದ್ದು ಆಗುವುದಿದ್ದರೆ ಇಲ್ಲಿ, ನಮ್ಮ ಕಣ್ಣ ಮುಂದೆ ಆಗಲಿ, ಆ ಪರದೇಶದಲ್ಲಿ ಬೇಡ.

ಬೆಲ್ಲದ ಪೇಟೆಯ ಹಿಂದಿನ ಬಯಲಿನಲ್ಲಿ ಅಣ್ಣ ಖಾಲಿ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಯಲಿನ ಕೊನೆಯ ಗೋಡೆಗೆ ಸ್ವಲ್ಪ ಈಚೆ ಎರಡು ಕಲ್ಲು ಇಟ್ಟಿದ್ದ.

"ದಾಜಿ," ಎಂದ. ತಂಗಿಯ ಗಂಡನನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ. "ಲಾರಿ ಹಿಂದ ತಗೊಂಡು ಈ ಎರಡೂ ಕಲ್ಲಿನ ನಡುವ ನಿಂದರಸ್ರಿ. ನಿಂದರಸಿದ್ರ ನಾ ಒಂದ ಮಾತೂ ಆಡಂಗಿಲ್ಲ. ಹಡಗ ಹತ್ತರಿ."

"ಸಾಲಿ ಹುಡುಗರ ಆಟ ಹಚ್ಚೀರಿ ಬಿಡ್ರಿ," ಎಂದು ನಗುತ್ತ ಯಜಮಾನರು ಏರಿ ಕುಳಿತರು.

ಬಯಲನ್ನು ಒಂದು ಸುತ್ತು ಚೆಂದವಾಗಿ ಹಾಕಿದರು. ನನಗೂ ಹೆಮ್ಮೆಯೆನಿಸಿತು. ಆಮೇಲೆ ಲಾರಿ ಹಿಂದಕ್ಕೆ ಹೊರಟಿತು. ಅಣ್ಣ ಕಲ್ಲುಗಳ ನಡುವೆ, ಗೋಡೆಗೆ ಬೆನ್ನು ಮಾಡಿ ನಿಂತು, "ಬಲಕ್ಕ, ಬಲಕ್ಕ, ಸಾವಕಾಶ," ಎನ್ನುತ್ತಿದ್ದ. ಇವರು ಕನ್ನಡಿ ನೋಡಲಿಲ್ಲ, ಕುತ್ತಿಗೆ ಹೊರಳಿಸಲಿಲ್ಲ. ಹಿಂದೆ ಹೋಗುತ್ತಿದ್ದ ಗಾಡಿಯಲ್ಲಿ ಕುಳಿತು ನೆಟ್ಟಗೆ ಮುಂದೆ, ನನ್ನ ಕಡೆಗೇ ನೋಡುತ್ತಿದ್ದರು. "ನಿಂದರಸ್ರಿ," ಎಂದು ಅಣ್ಣ ಕೂಗಿದ್ದು ನನಗೆ ಕೇಳಿಸಿತು, ಇಂಜಿನ್ನಿನ ಸದ್ದಿನಲ್ಲಿ ಇವರಿಗೆ ಕೇಳಿಸಲಿಲ್ಲ. ಒಂದು ಕಲ್ಲು ಚಕ್ರದಡಿ ಸಿಕ್ಕು ಹಾರಿತು. ಕೈಯಲ್ಲಿದ್ದ ಕಾಯಿಯ ಹೋಳನ್ನು ಎತ್ತಿ ಲಾರಿಯ ಗಾಜಿಗೆ ಬೀಸಿ ಒಗೆದೆ.

ಬೆಚ್ಚಿಬಿದ್ದು ಬ್ರೇಕು ತುಳಿದರು.

ಓಡಿಹೋಗಿ ನೋಡಿದರೆ ಅಣ್ಣ ಗೋಡೆಗೆ ಅಂಟಿಕೊಂಡಿದ್ದ. ಅವನ ಎದೆಗೂ ಲಾರಿಯ ಹಲಗೆಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಅಡ್ಡಡ್ಡ ಸರಿದು ಹೊರಬಂದು, ಟೋಪಿ ಝಾಡಿಸಿಕೊಂಡು, "ಛಲೋ ಹೊತ್ತಿನ್ಯಾಗ ಪ್ರಸಾದ ಹಂಚಿದಿ, ತಂಗಿ," ಎಂದ. ಯಜಮಾನರ ಕೈ ಸ್ಟೇರಿಂಗು ಬಿಡಲಿಲ್ಲ. ಅಣ್ಣನೇ ಮೇಲೆ ಹತ್ತಿ ಬೆರಳು ಬಿಡಿಸಿ ಇಳಿಸಿಕೊಂಡ.

ತಿರುಗಿ ಬರುವ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಪಕ್ಕ ಕುಳಿತರು.

"ಅಲ್ಲಿ ಹಿಂದ ತಗೊಳ್ಳೂ ಪ್ರಸಂಗ ಬರತಿದ್ದಿಲ್ಲ," ಎಂದರು. "ಎಲ್ಲಾ ಬಯಲು. ಸುತ್ತ ಹಾಕಿ ತಿರಗಸ್ತಿದ್ನಿ." ಆಮೇಲೆ, "ಇಪ್ಪತ್ತೆರಡು ಮಂದಿ ನನ್ನ ಹಿಂದ ಕುಂಡರ್ತಿದ್ರು."

"ಇಪ್ಪತ್ತೆರಡೂ ಮಂದಿ ದಿನಾ ತಿರುಗಿ ಬಂದು ಉಂಡಾರಲ್ರಿ," ಎಂದೆ. ಅಷ್ಟೇ ನನಗೆ ತೋಚಿದ್ದು.

ಹಡಗು ತಪ್ಪಿಸಲಿಲ್ಲ. ಮೊದಲಿನಂತೆ ಗಾಡಿ ತೊಳೆಯುವ ಕೆಲಸವನ್ನೇ ಕೊಡಿ ಎಂದು ಸಾಹೇಬನಿಗೆ ಕೇಳುತ್ತೇನೆ ಎಂದರು. ಅತ್ತೆಗೆ ಇದು ಮಗನನ್ನು ನಾನೇ ಕೆಳಗಿಳಿಸಿದಂತೆ ಕಂಡಿತು, ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹೊರಡುವ ದಿನ ಯಜಮಾನರು ಒಲೆಯ ಮುಂದೆ ಕುಳಿತು ಆ ಪುಸ್ತಕವನ್ನು ತಾವೇ ಒಳಗೆ ತಳ್ಳಿದರು.

"ಖೋಲ್ಯಾಗಿನ ಐದು ಮಂದಿಗಿ ಏನ ಹೇಳ್ತೀರಿ?" ಎಂದು ಕೇಳಿದೆ.

"ಗಾಡಿ ಹಿಂದ ತಗೊಂಡು ತೋರಸ್ರಪ್ಪಾ ಅಂತೇನಿ."

ರಟ್ಟು ಬೇಗ ಹತ್ತಲಿಲ್ಲ. ಊದುಗೊಳವೆ ತೆಗೆದುಕೊಂಡು, ಅದು ಹತ್ತುವವರೆಗೆ ನಾನೇ ಊದಿದೆ.