ಒದ್ದೆ ಗೋಣಿ

ತಲ್ಲೂರಿನ ಗೇರುಬೀಜದ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ರೈಟರನಾಗಿದ್ದೆ. ಹಾಜರಿ ಹಾಕುವುದು, ಕಾಗದ ಬರೆಯುವುದು, ಸಾಹುಕಾರರು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು, ಇಷ್ಟೇ ಕೆಲಸ. ಕೊನೆಯದನ್ನು ಎಷ್ಟು ಚೆನ್ನಾಗಿ ಮಾಡಿದೆನೆಂದರೆ ಕಾರ್ಖಾನೆ ಮುಚ್ಚಿದ ಮೇಲೂ ನನ್ನ ಕುರ್ಚಿ ಉಳಿಯಿತು. ವನಜನ ಕೆಲಸ ಹೋಯಿತು. ಮುಚ್ಚಿಸಿದವಳೇ ಅವಳು ಎಂದು ಊರು ಈಗಲೂ ಹೇಳುತ್ತದೆ. ಅದು ಸುಳ್ಳು.

ವನಜ ಕಿರಿಮಂಜೇಶ್ವರದ ಕಡಲಬದಿಯವಳು. ತಾಯಿ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗಿದವಳು. ಮಗಳ ತಲೆಗೆ ಆ ಬುಟ್ಟಿ ಬೇಡವೆಂದು ಹದಿನೆಂಟಕ್ಕೇ ಬೀಜದ ಕೆಲಸಕ್ಕೆ ಹಚ್ಚಿದಳು. ಮೊದಲ ಹತ್ತು ವರ್ಷ ಬೀಜ ಒಡೆಯುವ ಸಾಲಿನಲ್ಲಿ. ಸಿಪ್ಪೆಯ ಎಣ್ಣೆ ತಾಗಿ ತಾಗಿ ಬೆರಳಿನ ಗೆರೆಗಳು ಅಳಿಸಿಹೋದವು. ಆಮೇಲೆ ಒಣಗಿದ ತಿರುಳಿನ ಕೆಂಪು ಪೊರೆ ಸುಲಿಯುವ ಕೋಣೆಗೆ ಬಂದಳು. ಅಲ್ಲಿ ನಲವತ್ತು ಹೆಂಗಸರು. ಪಕ್ಕದಲ್ಲಿ ಸರೋಜ, ಇಪ್ಪತ್ತು ವರ್ಷ ಇಬ್ಬರಿಗೂ ಒಂದೇ ಬೆಂಚು, ಒಂದೇ ಬುತ್ತಿ. ವನಜನ ಕೈಯಲ್ಲಿ ತಿರುಳು ಎರಡು ಹೋಳಾದದ್ದನ್ನು ನಾನು ಕಂಡದ್ದಿಲ್ಲ. ಬೇರೆಯವರ ಕೈಯಲ್ಲಿ ಹೋಳಾದರೂ ಅವಳಿಗೆ ಸಂಕಟ. “ಅಯ್ಯೋ ಹೆಣೆ, ಹೋಳ್ ಮಾಡ್ಬೇಡ” ಎಂದು ಕಸಿದುಕೊಂಡು ತಾನೇ ಸುಲಿದು ಕೊಡುವಳು. ಅದೊಂದು ಚಟ.

ಬೀಜ ಹೆಚ್ಚಿನದು ಆಫ್ರಿಕದ ಬೆನಿನ್ ದೇಶದ್ದು, ಹಡಗಿನಲ್ಲಿ ಬರುತ್ತಿತ್ತು. ಬೀಜ ಅವರದು, ಕೈ ನಮ್ಮದು, ತಿನ್ನುವ ಬಾಯಿ ಅಮೆರಿಕದ್ದೋ ಯುರೋಪಿನದ್ದೋ. ದರ ಹೇಳುವವರೂ ತಿನ್ನುವವರೇ. ಹೀಗಿರುತ್ತ ಬೆನಿನ್ ಸರ್ಕಾರ, ನಮ್ಮ ಬೀಜವನ್ನು ನಾವೇ ಸುಲಿಯುತ್ತೇವೆ, ಇನ್ನು ಹಸಿ ಬೀಜ ಹೊರಗೆ ಕಳಿಸುವುದಿಲ್ಲ ಎಂದಿತು. ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೂ ಹೊಟ್ಟೆಯಿದೆ. ಆದರೆ ಆ ಹೊಟ್ಟೆಗೆ ಅನ್ನ ಹೋದದ್ದು ತಲ್ಲೂರಿನ ತಟ್ಟೆಯಿಂದ. ಅಮೆರಿಕದ ತಟ್ಟೆಯಲ್ಲಿ ಒಂದು ಅಗುಳೂ ಕಡಿಮೆಯಾಗಲಿಲ್ಲ. ನನ್ನ ಸಿಟ್ಟು ಅಲ್ಲಿ.

ನಮ್ಮ ಸಾಹುಕಾರರು ಉಮಾನಾಥ ಶೆಟ್ಟರು ಬೆನಿನ್‌ನಲ್ಲೇ ಒಂದು ಹೊಸ ಕಾರ್ಖಾನೆಗೆ ಪಾಲು ಹಾಕಿದರು. ವನಜನನ್ನು ಆಫೀಸಿಗೆ ಕರೆಸಿದರು.

“ಮೂರ್ ತಿಂಗ್ಳ್ ಅಲ್ಲಿಗ್ ಹೋಯ್ಕ್ ವನಜಾ. ಅಲ್ಲಿಯರಿಗೆ ಬೀಜ ಒಡೂದ್ ಕಲ್ಸ್. ಸುಲೂದ್ ಮಾತ್ರ ಕಲ್ಸ್ಬೇಡ. ಒಡ್ದ್ ತಿರುಳ್ ಸುಲೂಕೆ ಇಲ್ಲಿಗೇ ಬತ್ತ್.”

“ನಮ್ಮ ನಲ್ವತ್ತ್ ಜನ್ರ ಕೆಲ್ಸ ಇರತ್ತಲ್ದಾ ಶೆಟ್ರೆ?”

“ಇರತ್ತ್ ಮಾರಾಯ್ತಿ.”

ಸುಲಿಯುವ ಕೋಣೆಯಲ್ಲಿ ಅಂದು ಗದ್ದಲ. “ಹೊಟ್ಟಿಗಾಯಿ ಬೆನ್ನಿಗ್ ಹೊರ್ಟ್ಳ್ ಕಾಣಿ!” ಎಂದು ಸರೋಜ ಬೆನಿನ್ನನ್ನು ಬೆನ್ನು ಮಾಡಿ ಎಲ್ಲರನ್ನೂ ನಗಿಸಿದಳು. ಆಮೇಲೆ ವನಜನ ಎರಡೂ ಕೈ ಹಿಡಿದುಕೊಂಡು, “ಸುಲೂದ್ ಮಾತ್ರ ಕಲ್ಸ್ಬೇಡ ಹೆಣೆ” ಎಂದಳು. ವನಜ ಕುಂಭಾಶಿಗೆ ಹೋಗಿ ಗಣಪತಿಯೆದುರು ಹಾಗೆಂದು ಮಾತು ಕೊಟ್ಟು ಬಂದಳು. ಪಾಸ್‌ಪೋರ್ಟ್ ಆಫೀಸಿಗೆ ಕರೆದುಕೊಂಡು ಹೋದವನು ನಾನು. ಯಂತ್ರ ಅವಳ ಬೆರಳನ್ನು ಮೂರು ಸಲ ತಿರಸ್ಕರಿಸಿತು. “ನನ್ ಗೆರೆ ಎಲ್ಲ ಶೆಟ್ರ ಬೀಜದೊಳ್ಗೆ ಇತ್ತ್, ಅಲ್ಲಿ ಹುಡ್ಕೂಕೆ ಹೇಳಿ” ಎಂದು ನಕ್ಕಳು.

ಜನವರಿಯಲ್ಲಿ ಹೋದಳು. ಅಲ್ಲಿ ಆದದ್ದನ್ನು ಬಂದ ಮೇಲೆ ಅವಳೇ ನನಗೆ ಹೇಳಿದಳು. ಒಡೆಯುವುದನ್ನು ಆ ಹೆಂಗಸರು ಬೇಗ ಕಲಿತರು. ಆದರೆ ಶೆಟ್ಟರು ಹೇಳಿದ್ದಕ್ಕೆ ವಿರುದ್ಧವಾಗಿ ಅಲ್ಲಿ ಅವರಿಗೆ ಸುಲಿಯುವ ಕೆಲಸವನ್ನೂ ಕೊಟ್ಟಿದ್ದರು. ಆ ತಿಂಗಳಲ್ಲಿ ಅಲ್ಲಿ ಮರಳುಗಾಡಿನಿಂದ ಒಣಗಾಳಿ ಬೀಸುತ್ತದಂತೆ. ಒಣಗಿಸುವ ಒಲೆಯಿಂದ ಬಂದ ತಿರುಳು ಮುಟ್ಟಿದರೆ ಸಾಕು, ಹೋಳು. ಮೇಸ್ತ್ರಿ ಹೆಂಗಸರನ್ನು ಬಯ್ಯುತ್ತಿದ್ದ. ಅಫಿ ಎಂಬವಳು ಬೆನ್ನಿಗೆ ಕೂಸು ಕಟ್ಟಿಕೊಂಡೇ ಸುಲಿಯುತ್ತಿದ್ದಳು. ಅವಳ ಹೋಳು ಎಲ್ಲರಿಗಿಂತ ಹೆಚ್ಚು. ವನಜ ನಾಲ್ಕು ದಿನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಐದನೆಯ ದಿನ ಮೇಸ್ತ್ರಿ ಅಫಿಗೆ, ನಾಳೆಯಿಂದ ಬರಬೇಡ ಎಂದ.

ತಲ್ಲೂರಿನಲ್ಲಿ ನಾವು ತಿರುಳನ್ನು ಕಿಟಕಿ ಬಳಿ ಹರವಿ ಕಡಲಗಾಳಿಗೆ ಬಿಡುತ್ತಿದ್ದೆವು; ಸ್ವಲ್ಪ ತೇವ ಎಳೆದುಕೊಂಡರೆ ಪೊರೆ ತಾನಾಗಿ ಬಿಡುತ್ತದೆ. ಅಲ್ಲಿ ಕಡಲಗಾಳಿಯಿಲ್ಲ. ಮೂಲೆಯಲ್ಲಿ ಖಾಲಿ ಗೋಣಿಗಳಿದ್ದವು, ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದ ಅದೇ ಅಕ್ಷರದ ಗೋಣಿಗಳು. ವನಜ ಅವನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಿರುಳಿನ ಸುತ್ತ ನೇತುಹಾಕಿದಳು. ಒಂದು ಗಂಟೆ ಬಿಟ್ಟು ಅಫಿಯ ಅಂಗೈಯಲ್ಲಿ ಒಂದು ತಿರುಳಿಟ್ಟು, ಅವಳ ಹೆಬ್ಬೆರಳಿನಿಂದಲೇ ಒತ್ತಿಸಿದಳು. ಪೊರೆ ಬಿಟ್ಟಿತು. ತಿರುಳು ಇಡಿಯಾಗಿ ಬಂತು. ವಾರದೊಳಗೆ ಎಲ್ಲರಿಗೂ ಬಂತು.

“ಕೈ ತಡೀಲಿಲ್ಲೆ ರೈಟ್ರೆ. ಆ ಹೆಣ್ಣ್ ಕಣ್ಣೀರ್ ಹಾಕಿ ಮರ್ಕ್ತಾ ಇದ್ದಿತ್. ಎಂತ ಮಾಡೂದ್?”

ಏಪ್ರಿಲ್‌ನಲ್ಲಿ ಮರಳಿದಳು. ಮೇ ತಿಂಗಳಲ್ಲಿ ಸುಲಿಯುವ ಕೋಣೆಯ ಬಾಗಿಲಿಗೆ ಕಾರ್ಖಾನೆ ಮುಚ್ಚುವ ನೋಟೀಸು ಬಿತ್ತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ನಲವತ್ತು ಜನರೆದುರು, “ನಾನೇ ಕಲ್ಸಿದ್ದ್” ಎಂದಳು. “ನಮ್ ಬಾಯಿಗ್ ಮಣ್ಣ್ ಹಾಕ್ದೆ ಅಲ್ದಾ?” ಎಂದು ಸರೋಜ ಕೇಳಿದಳು. ಅದೇ ಕೊನೆಯ ಮಾತು. ಸರೋಜ ಈಗ ಹೆದ್ದಾರಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ವನಜ ಐವತ್ತನಾಲ್ಕನೇ ವಯಸ್ಸಿನಲ್ಲಿ ತಾಯಿಯ ಬುಟ್ಟಿ ಹೊತ್ತಿದ್ದಾಳೆ. ಸರೋಜನ ಕೇರಿಯಲ್ಲಿ ಅವಳ ಮೀನನ್ನು ಯಾರೂ ಕೊಳ್ಳುವುದಿಲ್ಲ.

ಈಗ ನನ್ನ ಮಾತು. ಆ ನೋಟೀಸನ್ನು ಟೈಪು ಮಾಡಿದವನು ನಾನು. ಮೇ ತಿಂಗಳಲ್ಲಿ ಅಲ್ಲ, ಹಿಂದಿನ ನವೆಂಬರಿನಲ್ಲಿ, ವನಜನ ಪಾಸ್‌ಪೋರ್ಟ್ ಬರುವ ಮೊದಲೇ. “ತಾರೀಕಿನ ಜಾಗ ಖಾಲಿ ಬಿಡಿ” ಎಂದಿದ್ದರು ಶೆಟ್ಟರು. ಹಾಗಾದರೆ ಸುಲಿಯುವುದನ್ನು ಕಲಿಸಬೇಡ ಎಂದದ್ದೇಕೆ ಎಂದು ಕೇಳಿದೆ. ನಕ್ಕರು. “ಕಲ್ಸ್ ಅಂದ್ರೆ ಅವ್ಳ್ ಹೋಪುದಿಲ್ಲೆ. ಹೋದ್ಮೇಲೆ ಹೋಳ್ ಕಂಡ್ ಸುಮ್ನೆ ಕೂಕಂಬುದೂ ಇಲ್ಲೆ.” ನಾನು ಹೂಂ ಅಂದೆ.

ಎರಡು ವರ್ಷ ಇದನ್ನು ನುಂಗಿಕೊಂಡಿದ್ದೆ. ಕಳೆದ ತಿಂಗಳು ವನಜ ಬಂಗುಡೆ ತಂದಾಗ ನಮ್ಮ ಜಗಲಿಯಲ್ಲೇ ಹೇಳಿಬಿಟ್ಟೆ. ಮೀನು ಎತ್ತಿಹಾಕುತ್ತಿದ್ದ ಕೈ ನಿಂತಿತು.

“ಹಂಗಾರೆ ನಾ ಕಲ್ಸದಿದ್ರೂ ಮುಚ್ಚುದೇ?”

“ಹೌದು.”

ಬಯ್ದಿದ್ದರೆ ಚೆನ್ನಾಗಿತ್ತು. ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು. “ನಂಗ್ ಹೇಳಿ ಎಂತಕ್ ರೈಟ್ರೆ? ಸರೋಜಂಗ್ ಹೋಯಿ ಹೇಳಿ.”

ಸರೋಜನ ಮನೆ ಇಲ್ಲಿಂದ ಎರಡು ಫರ್ಲಾಂಗು. ಅವಳ ಬಾಯಿಗೆ ಬಿದ್ದರೆ ಸಂಜೆಯೊಳಗೆ ಶೆಟ್ಟರ ಕಿವಿಗೆ ಮುಟ್ಟುತ್ತದೆ, ಮತ್ತು ನನ್ನ ಕುರ್ಚಿ ಈಗ ಅವರ ಗೋದಾಮಿನಲ್ಲಿದೆ. ಎರಡು ಸಲ ಹೊರಟು ತಿರುವಿನಿಂದ ವಾಪಸು ಬಂದೆ. ಬದಲಿಗೆ ಇದನ್ನು ಬರೆದೆ. ಶೆಟ್ಟರು ದರಪಟ್ಟಿ ಬಿಟ್ಟರೆ ಬೇರೇನೂ ಓದುವವರಲ್ಲ.

ಸರೋಜನಿಗೆ ಓದಲು ಬರುವುದಿಲ್ಲ.