ಗೌಡ್ರ ಮಾಳಗಿ ಮ್ಯಾಲಿನ ಆಂಟೆನಾ

ನಮ್ಮಣ್ಣನ ಹೆಂಡ್ತಿ, ನಮ್ಮ ವೈನಿ, ಆಳಂದದಾಕಿ. ಆಕಿ ಅಪ್ಪ ಅಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ದ. ಅವನ ಹತ್ರನೇ ಕೆಲಸ ಕಲ್ತು ಜೇವರ್ಗಿಗಿ ಸೊಸಿಯಾಗಿ ಬಂದ್ಳು. ಊರಾಗ ಆಗಿನ್ನ ಟಿವಿ ಬರಾಕತ್ತಿದ್ವು. ರೋಡಿಗಿ ಹತ್ತಿದ ನಮ್ಮ ಪಡಸಾಲ್ಯಾಗ ಅಂಗಡಿ ಹಾಕಿದ್ಳು. ಟಿವಿ ಮಾರಾದು, ಕೆಟ್ರ ರಿಪೇರಿ ಮಾಡಾದು. ಅಣ್ಣ ಹೊಲ ನೋಡ್ಕೋತಿದ್ದ, ಬ್ಯಾಡ ಅನ್ನಲಿಲ್ಲ.

ಟಿವಿ ಕೊಟ್ರ ಮುಗಿಲಿಲ್ಲ. ಮಂದಿ ಮಾಳಗಿ ಹತ್ತಿ ಆಂಟೆನಾ ತಿರುವಬೇಕು. ನಾ ಮ್ಯಾಲ ನಿಂತು ಚಿತ್ರ ಬಂತೇನು ಅಂತ ಒದರ್ತಿದ್ದೆ. ವೈನಿ ಕೆಳಗ ಟಿವಿ ಮುಂದ ಕುಂತು ಎಡಕ್ಕ, ಬಲಕ್ಕ ಅಂತಿದ್ಳು. ಅಂಗಡಿ ಚೊಲೊ ನಡೀತು.

ಆಮ್ಯಾಲ ನನಗ ಲಾರಿ ಕೆಲಸ ಸಿಕ್ತು. ವೈನಿ ಆಳು ಹುಡುಕಿದ್ಳು. ಹೆಣ್ಮಗಳ ಕೈಕೆಳಗ ದುಡಿಯಾಕ ಯಾವನೂ ಬರಲಿಲ್ಲ.

ಒಮ್ಮೆ ಕೈಗಿ ಪೆಟ್ಟಾಗಿ ನಾ ಮನ್ಯಾಗಿದ್ದೆ. ಆವಾಗೇ ಊರ ಗೌಡ್ರು ಟಿವಿ ಕೇಳಿದ್ರು. ಅವ್ರ ಮನ್ಯಾಗ ಹಚ್ಚಿದ್ರ ಊರ ಮಂದಿ ನಮ್ಮಲ್ಲೇ ಬರ್ತಾರ ಅಂತ ವೈನಿಗಿ ಭಾಳ ಆಸೆ. ನನ್ನ ಕೈ ಆಗಲ್ಲ ಅಂತ ಏಣಿ ಆಕಿನೇ ಹತ್ತಿದ್ಳು. ನಾ ಟಿವಿ ಮುಂದ ಕುಂತೆ. ಬಂತೇನೋ ಅಂತ ಮ್ಯಾಲಿಂದ ಒದರಿದ ಕೂಡ್ಲೇ ಗೌಡ್ರು ಅಂಗಳಕ್ಕ ಬಂದ್ರು.

"ಇಳಿಬೇ ಕೆಳಗ. ನಮ್ಮ ಅಪ್ಪಾರು ಪೂಜಾಕ ಕುಂತಾರ. ಅವ್ರ ತಲಿ ಮ್ಯಾಲ ನಿಂತು ಒದರ್ತಿ?"

ವೈನಿ ನಟ್ಟು ಬಿಗಿಯೋ ಪಾನಾ ಹಿಡ್ಕೊಂಡೇ ಕೇಳಿದ್ಳು. "ನಿಮ್ಮ ಸೊಸಿ ಇಲ್ಲೇ ಸಂಡಿಗಿ ಹಾಕ್ತಾಳಲ್ರಿ ಗೌಡ್ರ?"

ಒಳಗ ಸೊಸಿ ಕಿಸಕ್ಕಂದ್ಳು. ಗೌಡ್ರಿಗಿ ಇನ್ನಾ ಸಿಟ್ಟು ಬಂತು.

"ಸಂಡಿಗಿ ಬ್ಯಾರೆ. ಗಂಡಸ್ರನ್ನ ಕಳಸು, ಇಲ್ಲಂದ್ರ ನಿನ್ನ ಟಿವಿ ಒಯ್ಯಿ."

ವೈನಿ ಇಳದ್ಳು. ಟಿವಿ ವಾಪಸ್ ಬಂತು. ಗೌಡ್ರು ಕಲಬುರ್ಗಿಲಿಂದ ಬ್ಯಾರೆ ತರ್ಸಿದ್ರು, ಗಂಡಸ್ರೇ ಬಂದು ಹಚ್ಚಿ ಹ್ವಾದ್ರು. ಗೌಡ್ರಿಗಿ ಬ್ಯಾಡಾದದ್ದು ಊರಿಗೂ ಬ್ಯಾಡಾತು. ರಿಪೇರಿಗಿ ಬರೋರೂ ನಿಂತ್ರು. ವರ್ಷ ತುಂಬಾದ್ರಾಗ ಅಂಗಡಿ ಮುಚ್ತು. ಈಗ ಪಡಸಾಲ್ಯಾಗ ಜ್ವಾಳದ ಚೀಲ ಅವ. ರಿಪೇರಿಗಿ ವೈನಿಯಂಥಾ ಕೈ ಊರಾಗ ಇನ್ನೊಂದಿರಲಿಲ್ಲ.

ಮೊನ್ನೆ ಗಾಳಿಗಿ ನಮ್ಮ ಮನಿ ಆಂಟೆನಾ ವಾಲ್ತು. ವೈನಿ ಮಾಳಗಿ ಮ್ಯಾಲೇ ಇದ್ಳು. ಜರಾ ತಿರುವು ಅಂತ ಕೆಳಗಿಂದ ಅಂದೆ. ಆಕಿ ಮ್ಯಾಲಿಂದೇ ಅಂದ್ಳು.

"ನೀನೇ ಹತ್ತಿ ಬಾ. ನಾ ಸಂಡಿಗಿ ಹಾಕಾಕ ಬಂದೇನಿ."