ಕರ್ಚೀಫಿನಲ್ಲಿ ಕಂಡ ಜರ್ಮನಿ

ಕಾರು ಯಾವ ದೇಶದಲ್ಲಿ ಜೋಡಣೆಯಾಗಿದೆ ಎಂಬುದನ್ನು ಮುಟ್ಟಿ ನೋಡಿಯೇ ಹೇಳಬಲ್ಲೆ ಎಂದು ನಾನು ನಂಬಿದ್ದೆ. ಆಗ ನನ್ನ ಹತ್ತಿರ ಆಟೊಮೊಬೈಲ್ ಡಿಪ್ಲೊಮಾ ಇತ್ತು, ಕೆಲಸ ಇರಲಿಲ್ಲ, ನಾಲಿಗೆಗೆ ಬ್ರೇಕ್ ಅಂತೂ ಮೊದಲಿಂದಲೂ ಇರಲಿಲ್ಲ. ಹೊಸಪೇಟೆಯ ಚಹಾದಂಗಡಿಯಲ್ಲಿ ಕೂತು, ಜನ್ಮದಲ್ಲಿ ಒಮ್ಮೆಯೂ ಹತ್ತದ ಕಾರುಗಳ ಬಗ್ಗೆ ತೀರ್ಪು ಕೊಡುವ ಗುಂಪಿಗೆ ನಾನೇ ಮುಖ್ಯ ನ್ಯಾಯಾಧೀಶ. ಪೂರ್ತಿ ಜರ್ಮನಿಯಲ್ಲೇ ತಯಾರಾಗಿ ಹಡಗಿನಲ್ಲಿ ಬಂದ ಕಾರು ನಮಗೆ ದೇವರು. ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದದ್ದು ಅದೇ ದೇವರ ಪ್ಲಾಸ್ಟಿಕ್ ಗೊಂಬೆ. ಅದೇ ಬೋಲ್ಟು, ಅದೇ ಯಂತ್ರ, ಅದೇ ಅಳತೆ ಅಲ್ಲವೇ ಎಂದು ಯಾರಾದರೂ ಬಾಯಿಬಿಟ್ಟರೆ, ದೇಶದ್ರೋಹಿಯನ್ನು ನೋಡಿದಂತೆ ನೋಡುತ್ತಿದ್ದೆವು. ಯಾವ ದೇಶದ ದ್ರೋಹಿ ಎಂದು ಮಾತ್ರ ಕೇಳಬೇಡಿ.

ನನ್ನ ಈ ಕೀರ್ತಿ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸೋದರಮಾವನಿಗೂ ಮುಟ್ಟಿತು. ಮಾಮನಿಗೆ ಹಳೆಯದಾದರೂ ಪರವಾಗಿಲ್ಲ, ಐಷಾರಾಮಿ ಕಾರೊಂದು ಬೇಕಾಗಿತ್ತು. ಎರಡು ಸಿಕ್ಕಿದ್ದವು: ಒಂದೇ ಮಾಡೆಲ್, ಒಂದೇ ವರ್ಷ, ಒಂದೇ ಕಪ್ಪು ಬಣ್ಣ. ಒಂದು ಸಂಡೂರಿನ ಗಣಿ ಗುತ್ತಿಗೆದಾರನದು, ಇನ್ನೊಂದು ಹೊಸಪೇಟೆಯ ಡಾಕ್ಟರರದು. ಅವುಗಳಲ್ಲಿ ಒಂದು ಜರ್ಮನಿಯಲ್ಲಿ ಜೋಡಿಸಿದ್ದು, ಮತ್ತೊಂದು ನಮ್ಮಲ್ಲೇ ಜೋಡಿಸಿದ್ದು.

"ಲೇ ಅಳಿಯಾ, ಸರಿಯಾದ್ದು ಆರಿಸಿ ಕೊಟ್ಟಿ ಅಂದ್ರ ಗಿರಣಿ ಮುಂದಿನ ಶೆಡ್ಡು ನಿಂದು. ಗ್ಯಾರೇಜ್ ಹಾಕ್ಕೊ. ತಪ್ಪಿದಿ ಅಂದ್ರ, ವೇಬ್ರಿಡ್ಜ್ ರೂಮಿನ್ಯಾಗ ಕುಂತು ಲಾರಿ ತೂಗು," ಅಂದ ಮಾಮ.

ನನಗೆ ಬೇಕಾಗಿದ್ದೂ ಅದೇ ಶೆಡ್ಡು. ತಲೆಯಲ್ಲಿ ಆಗಲೇ ಬೋರ್ಡ್ ಬರೆಸಿ, ಪೂಜೆ ಮಾಡಿಸಿ, ಫೋಟೊ ಸ್ಟೇಟಸ್‌ಗೆ ಹಾಕಿಯೂ ಆಗಿತ್ತು. "ಮಾಮ, ಯಾವುದು ಎಲ್ಲಿದು ಅಂತ ನನಗ ಹೇಳಬ್ಯಾಡ. ನಾನs ಹೇಳ್ತೀನಿ," ಎಂದೆ. ಇಷ್ಟು ಧೈರ್ಯ ಪರೀಕ್ಷೆಯ ಹಾಲ್‌ನಲ್ಲಿ ಇದ್ದಿದ್ದರೆ ಡಿಪ್ಲೊಮಾ ಮೂರೇ ವರ್ಷಕ್ಕೆ ಮುಗಿಯುತ್ತಿತ್ತು.

ಕಮಲಾಪುರದ ಕೆರೆ ಏರಿಯ ಪಕ್ಕ ಎರಡೂ ಕಾರು ನಿಂತವು. ಡಾಕ್ಟರರದನ್ನು ಮಾಮ ತಾನೇ ಓಡಿಸಿಕೊಂಡು ಬಂದಿದ್ದ. ಸಂಡೂರಿನದರ ಜೊತೆ ಅದರ ಡ್ರೈವರ್ ಬಂದಿದ್ದ, ಐವತ್ತು ದಾಟಿದವನು. ತಯಾರಾದ ದೇಶದ ಹೆಸರಿರುವ ಚೀಟಿ ಬಾಗಿಲ ಕಂಬದ ಮೇಲಿರುತ್ತದಲ್ಲ, ಎರಡರಲ್ಲೂ ಮಾಮ ಅದಕ್ಕೆ ಮೊದಲೇ ಟೇಪ್ ಅಂಟಿಸಿದ್ದ.

ನಾನು ಜೇಬಿನಿಂದ ಬಿಳಿ ಕರ್ಚೀಫ್ ತೆಗೆದೆ. ಇದು ನಮ್ಮ ಕಡೆಯ ಪರೀಕ್ಷೆ. ಅದಿರಿನ ಕೆಂಪು ಧೂಳು ನಮ್ಮಲ್ಲಿ ಅನ್ನದ ತಟ್ಟೆಯವರೆಗೂ ಬರುತ್ತದೆ. ಹಾಗಾಗಿ ಹಳೆಯ ಗಾಡಿ ಕೊಳ್ಳುವವರು ಬಾಗಿಲಿನ ರಬ್ಬರ್, ಸೀಟಿನ ಅಡಿ ಒರೆಸಿ ನೋಡುತ್ತಾರೆ. ಬಟ್ಟೆ ಕೆಂಪಾದರೆ ಬಾಡಿ ಬಿಗಿ ಇಲ್ಲ ಎಂದು ಲೆಕ್ಕ. ಡಾಕ್ಟರರ ಕಾರನ್ನು ಒರೆಸಿದೆ, ಕರ್ಚೀಫ್ ಬೆಳ್ಳಗೇ ಉಳಿಯಿತು. ಸಂಡೂರಿನದನ್ನು ಒರೆಸಿದೆ, ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತಾಯಿತು.

ಅಲ್ಲಿಂದ ಶುರುವಾಯಿತು ನನ್ನ ಉಪನ್ಯಾಸ. "ನೋಡು ಮಾಮ, ಪಾಪಿನಾಯಕನಹಳ್ಳಿ ದಾರ್ಯಾಗ ಅದಿರು ಲಾರಿ ಹಿಂದ ಓಡಾಡಿದ್ರೂ ಈ ಡಾಕ್ಟರ್ ಗಾಡಿ ಒಳಗ ಒಂದು ಕಣ ಹೋಗಿಲ್ಲ. ಇದು ಜರ್ಮನಿ ಕೈ! ಅದು ನಮ್ಮ ಮಂದಿ ಜೋಡ್ಸಿದ್ದು. ಊಟದ ಬೆಲ್ ಹೊಡೀತಂದ್ರ ಅರ್ಧ ತಿರುಗ್ಸಿದ ಬೋಲ್ಟ್ ಅಲ್ಲೇ ಬಿಟ್ಟು ಎದ್ದು ಹೋಗ್ತಾರ." ನಾನು ಅಂಥ ಕಾರ್ಖಾನೆಯ ಗೇಟನ್ನೂ ನೋಡಿರಲಿಲ್ಲ. ಊಟದ ಬೆಲ್‌ಗೆ ಎದ್ದು ಓಡುವವನು ನಮ್ಮ ಮನೆಯಲ್ಲಿ ನಾನೊಬ್ಬನೇ.

ಡ್ರೈವರ್ ಬಾಯಲ್ಲಿದ್ದದ್ದನ್ನು ಉಗಿದು ಬಂದ. "ತಮ್ಮಾ, ಆ ಧೂಳಿಗೆ ಜರ್ಮನಿನೂ ಕಾರಣ ಅಲ್ಲ, ಇಂಡಿಯಾನೂ ಅಲ್ಲ. ನಾನು."

"ಅಂದ್ರ?"

"ಗುಟ್ಕಾ ಹಾಕ್ತೀನಿ. ಉಗುಳಾಕ ಗಾಜು ಇಳಿಸಬೇಕಲ್ಲ? ಎಸಿ ಗಾಳಿನೂ ನನಗ ಆಗಿಬರಂಗಿಲ್ಲ. ಸಾವ್ಕಾರ್ರು ಇಳಿದ್ರಂದ್ರ ನಾಕೂ ಗಾಜು ಇಳಿಸಿ ವಡ್ಡು ಊರಿನ ತನಕ ಹೊಡೀತೀನಿ."

ಮಾಮ ಟೇಪ್ ಕಿತ್ತ. ಕೆಂಪು ಧೂಳಿನದೇ ಜರ್ಮನಿಯಲ್ಲಿ ಜೋಡಿಸಿದ್ದು.

ಮರ್ಯಾದೆ ಇದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಸ್ವಲ್ಪವೂ ತಡಮಾಡದೆ, "ನೋಡಿದ್ಯಾ ಮಾಮ! ನಮ್ಮ ಮಂದಿ ಈಗ ಜರ್ಮನಿಯವ್ರನ್ನೂ ಮೀರಿಸ್ಯಾರ. ಎಷ್ಟು ಬಿಗಿ ಐತಿ ನಮ್ಮ ಗಾಡಿ!" ಎಂದೆ.

ಡ್ರೈವರ್ ಡಾಕ್ಟರರ ಕಾರಿನ ಬಾಗಿಲಿನ ಅಂಚಿಗೆ ಬೆರಳಾಡಿಸಿ ನನ್ನ ಮೂಗಿನ ಹತ್ತಿರ ಹಿಡಿದ. ಶಾಂಪೂ ವಾಸನೆ. "ಮುಂಜಾನೆ ವಾಟರ್ ಸರ್ವಿಸ್ ಮಾಡ್ಸ್ಯಾರ, ತಮ್ಮಾ. ಇನ್ನ ಹಸಿ ಐತಿ."

ಆಮೇಲೆ ಮಾಮ ನನ್ನನ್ನು ಏನೂ ಕೇಳಲಿಲ್ಲ, ಅವನನ್ನು ಕೇಳಿದ. ಅವನು ಟವೆಲ್ ಹಾಸಿ ಎರಡೂ ಕಾರಿನ ಕೆಳಗೆ ತೂರಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ ಬಂದ. "ಎರಡೂ ಒಂದs ಅದಾವ್ರಿ. ನಮ್ಮದು ಗಣಿ ರಸ್ತ್ಯಾಗ ಬಿದ್ದು ಬಿದ್ದು ಕೆಳಗಿನ ರಬ್ಬರ್ ಬುಶ್ ಎಲ್ಲಾ ಸವದು ಹೋಗ್ಯಾವ. ಡಾಕ್ಟರ್ ಗಾಡಿ ಐತ್ವಾರಕ್ಕೊಮ್ಮೆ ಹಂಪಿಗೆ ಹೋಗಿ ಬಂದೈತಿ, ಅಷ್ಟs. ಅದನ್ನ ತಗೊಳ್ರಿ. ನಾ ಹೇಳಿದೆ ಅಂತ ನಮ್ಮ ಸಾವ್ಕಾರ್ರ ಮುಂದ ಹೇಳಬ್ಯಾಡ್ರಿ."

ಮಾಮ ಅದನ್ನೇ ಕೊಂಡ. ಶೆಡ್ಡಿನ ವಿಷಯ ಕಂಪ್ಲಿ ಮುಟ್ಟುವವರೆಗೂ ತೆಗೆಯಲಿಲ್ಲ. ಗಿರಣಿ ಮುಂದೆ ಇಳಿದ ಮೇಲೆ ಹೇಳಿದ: "ತಪ್ಪು ಹೇಳಿದ್ದಕ್ಕ ಸಿಟ್ಟಿಲ್ಲಲೇ. ದೇಶ ಬದಲ್ ಮಾಡಿದಿ, ದನಿ ಬದಲ್ ಮಾಡ್ಲಿಲ್ಲ ನೋಡು, ಅದಕ್ಕ. ನಡಿ, ಲಾರಿ ಬಂದಾವ."

ನಾಲ್ಕು ತಿಂಗಳು ಲಾರಿ ತೂಗಿದೆ. ಮಾಮನ ಆ ಮಾತು ಮನಸ್ಸಿಗೆ ಹತ್ತಿತ್ತು. ಇನ್ನು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು ಎಂದುಕೊಂಡೆ. ಒಂದೆರಡು ಸಲ ಅಂದೂ ನೋಡಿದೆ, ಗಂಟಲು ನೋವು ಬಂತು.

ಆಗ ಗಂಗಾವತಿಯಿಂದ ಮಾಮನ ಬೀಗರು ಬಂದರು, ಅವರೂ ಗಿರಣಿ ಮಾಲೀಕರು. ಕಾರನ್ನು ಎರಡು ಸುತ್ತು ಹಾಕಿ, "ಇದು ಇಲ್ಲೇ ಜೋಡ್ಸಿದ್ದೇನ್ರಿ, ಹೊರಗಿಂದ ಬಂದದ್ದೇನ್ರಿ?" ಎಂದರು. ಮಾಮ ಇಲ್ಲಿಯದು ಅನ್ನಲಿಲ್ಲ, ಹೊರಗಿನದೂ ಅನ್ನಲಿಲ್ಲ. ವೇಬ್ರಿಡ್ಜ್ ಕಿಟಕಿಯಲ್ಲಿದ್ದ ನನ್ನ ಕಡೆ ತಿರುಗಿ, "ನಮ್ಮ ಅಳಿಯ ಎಂಜಿನಿಯರ್ ಅದಾನ, ಅವನ್ನs ಕೇಳ್ರಿ," ಅಂದ.

ಡಿಪ್ಲೊಮಾದವನಿಗೆ ಎಂಜಿನಿಯರ್ ಬಡ್ತಿ ಪುಕ್ಕಟೆ ಸಿಗುವುದಿಲ್ಲ ಎಂಬುದು ನನಗೂ ತಿಳಿಯುತ್ತದೆ. ಮಾಮನ ಮುಖ ನೋಡಿದೆ, ಆಚೆ ತೌಡಿನ ಚೀಲ ತುಂಬಿದ್ದ ಶೆಡ್ಡು ನೋಡಿದೆ.

"ಪೂರ್ತಿ ಜರ್ಮನಿದ್ರಿ," ಎಂದೆ. "ಬೋಲ್ಟ್ ಸಮೇತ."

"ಅದಕ್ಕs ಮತ್ತ! ನೋಡಿದ್ರs ಗೊತ್ತಾಗ್ತತಿ," ಎಂದರು ಬೀಗರು.

ಮರುದಿನ ಮಾಮ ಹಮಾಲರನ್ನು ಕರೆಸಿ ಶೆಡ್ಡಿನ ಚೀಲಗಳನ್ನೆಲ್ಲ ಹೊರಗೆ ಹಾಕಿಸಿದ.